ಕಜ್ಜಿಯ ಪೂರ್ವೋತ್ತರ

ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಬರುವ ರೈಕ್ವನ ಕಥೆಯು ವಾಚಕರಲ್ಲಿ ಅನೇಕರಿಗೆ ತಿಳಿದೇ ಇರುವುದು. ಜಾನಶ್ರುತಿಯೆಂಬ ದಾನಶೀಲನಾದ ಅರಸನು ಹಂಸಗಳ ಸಂಭಾಷಣೆಯಿಂದ ಈ ಬ್ರಹ್ಮಜ್ಞಾನಿಯ ಮಹಿಮೆಯನ್ನು ಕೇಳಿ, ಅವನನ್ನು ಹುಡುಕಿ ಬರುವಂತೆ ತನ್ನ ಸಾರಥಿಗೆ ಅಪ್ಪಣೆ ಕೊಡುತ್ತಾನೆ. ಅಲೆದಲೆದು ಬಂದ ಸಾರಥಿಗೆ ಕಡೆಗೆ ಕಂಡುದು ಆಶ್ರಮವೂ ಅಲ್ಲ, ಅಗ್ನಿಹೋತ್ರವೂ ಅಲ್ಲ. ಒಂದು ಬಂಡಿಯ ಅಡಿಯಲ್ಲಿ ಕುಳಿತು ಮೈಯ ಕಜ್ಜಿಯನ್ನು ಕೆರೆದುಕೊಳ್ಳುತ್ತಿದ್ದ ಒಬ್ಬ ಮನುಷ್ಯ! ಮೂಲದಲ್ಲಿರುವ ‘ಪಾಮಾ’ ಎಂಬ ಶಬ್ದಕ್ಕೆ ಭಾಷ್ಯಕಾರರು ‘ಖರ್ಜು’ ಎಂದು ಅರ್ಥ ಹೇಳಿ ಮುಂದೆ ಸಾಗಿರುವರು. ಪಾಠಶಾಲೆಯಲ್ಲಿ ನಮ್ಮ ಗುರುಗಳೂ ಆ ಸ್ಥಳವನ್ನು ಅಷ್ಟೇ ತ್ವರೆಯಿಂದ ದಾಟಿಸಿದರು. ಆದರೆ ಒಂದೇ ಜಮಖಾನೆಯ ಮೇಲೆ ಸಾಲಾಗಿ ಮಲಗುತ್ತಿದ್ದ ವಿದ್ಯಾರ್ಥಿಗಳಾದ ನಾವು ನಮ್ಮ ನಮ್ಮ ಬೆರಳ ಸಂದುಗಳನ್ನು ನೋಡಿಕೊಂಡು ಒಳಗೊಳಗೇ ನಕ್ಕುದು ಇಂದಿಗೂ ನೆನಪಿದೆ. ಬ್ರಹ್ಮವಿದ್ಯೆಯು ನಮಗೆ ಬಂದಿರಲಿಲ್ಲ. ರೈಕ್ವನೊಡನೆ ಸಾಮ್ಯವು ಅಷ್ಟರಮಟ್ಟಿಗೆ ಮಾತ್ರ ಇತ್ತು.

ಉಪನಿಷತ್ಕಾರನು ನಾಚದೆ ಹೇಳಿದ ಈ ರೋಗವನ್ನು ಹೇಳಲು ನಮ್ಮ ಗೃಹಸ್ಥರು ನಾಚುವರು. ಜ್ವರ ಬಂದರೆ ನೆರೆಮನೆಗೆ ಹೇಳಿ ಕಳುಹಿಸುವವರು ಕಜ್ಜಿ ಬಂದರೆ ಬಾಗಿಲು ಮುಚ್ಚುವರು. ಆದಕಾರಣ ಅರಸರ, ಯುದ್ಧಗಳ, ಶಾಸನಗಳ ಚರಿತ್ರೆಯು ಬರೆಯಲ್ಪಟ್ಟಂತೆ ಇದರ ಚರಿತ್ರೆಯು ನಮ್ಮಲ್ಲಿ ಬರೆಯಲ್ಪಟ್ಟಿಲ್ಲ. ನನಗೆ ಇದರಲ್ಲಿ ಆಸಕ್ತಿ ಹುಟ್ಟಲು ಒಂದು ಮನೆವಾರ್ತೆಯ ಕಾರಣವುಂಟು. ಅದನ್ನು ಮರೆಮಾಚದೆ ಹೇಳುವೆನು.

ಮೊದಲು ಶಬ್ದದ ವಿಚಾರ. ಅಮರಸಿಂಹನು ಮನುಷ್ಯವರ್ಗದಲ್ಲಿ ಕಚ್ಛು, ಪಾಮಾ, ವಿಚರ್ಚಿಕಾ ಎಂಬ ಹೆಸರುಗಳನ್ನು ಒಟ್ಟಿಗೆ ಹೇಳಿ, ಅದರ ಬೆನ್ನಿಗೇ ಕಂಡೂ, ಖರ್ಜು, ಕಂಡೂಯಾ ಎಂದು ತುರಿಕೆಯ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಈ ಖರ್ಜು ಶಬ್ದದ ತದ್ಭವವೇ ನಮ್ಮ ಕಜ್ಜಿ. ಇದಕ್ಕಿಂತ ಹಳೆಯದೂ ರಮ್ಯವಾದುದೂ ಅಥರ್ವವೇದದ ಐದನೆಯ ಕಾಂಡದ ಪ್ರಯೋಗ. ಅಲ್ಲಿ ಋಷಿಯು ತಕ್ಮನೆಂಬ ಜ್ವರವನ್ನು ಊರಿಂದ ಅಟ್ಟುತ್ತ, ನಿನ್ನ ತಮ್ಮನನ್ನೂ ತಂಗಿಯಾದ ಕೆಮ್ಮನ್ನೂ ಕರೆದುಕೊಂಡು ಪರರ ದೇಶಕ್ಕೆ ಹೊರಟುಹೋಗೆಂದು ಹೇಳುವನು; ಆ ಪರಿವಾರದಲ್ಲಿ ಪಾಮನಿಗೆ ಕೊಟ್ಟಿರುವ ಬಾಂಧವ್ಯವು ‘ಭ್ರಾತೃವ್ಯ’. ಭ್ರಾತೃವ್ಯನೆಂದರೆ ತಂದೆಯ ಸೋದರನ ಮಗ. ವೇದದಲ್ಲಿ ಅದೇ ಶಬ್ದಕ್ಕೆ ಹಗೆಯೆಂಬ ಅರ್ಥವೂ ಉಂಟು. ಕನ್ನಡದ ‘ದಾಯಾದಿ’ಯೆಂಬ ಮಾತು ಈ ಎರಡೂ ಅರ್ಥಗಳನ್ನು ಹೊತ್ತಿರುವುದರಿಂದ ಇದಕ್ಕಿಂತ ಸರಿಯಾದ ಅನುವಾದವು ಬೇರೆ ಬೇಕಿಲ್ಲ. ಒಂದೇ ಮನೆಯಲ್ಲಿದ್ದು, ಒಂದೇ ಚಾಪೆಯಲ್ಲಿ ಮಲಗಿ, ರಾತ್ರಿಯ ನಿದ್ರೆಗೆ ಪಾಲು ಕೇಳುವ ರೋಗಕ್ಕೆ ದಾಯಾದಿಯೆಂಬ ಹೆಸರು ಒಪ್ಪುತ್ತದೆ.

ವೈದ್ಯಗ್ರಂಥಗಳಿಗೆ ಬಂದರೆ, ಚರಕ ಸುಶ್ರುತರಿಬ್ಬರೂ ಚರ್ಮರೋಗಗಳನ್ನು ಹದಿನೆಂಟು ಕುಷ್ಠಗಳೆಂದು ಎಣಿಸಿ, ಏಳನ್ನು ಮಹಾಕುಷ್ಠಗಳಲ್ಲಿಯೂ ಹನ್ನೊಂದನ್ನು ಕ್ಷುದ್ರಕುಷ್ಠಗಳಲ್ಲಿಯೂ ಸೇರಿಸಿರುವರು. ಪಾಮಾ ಕ್ಷುದ್ರಗಳಲ್ಲಿ ಒಂದು. ಸಣ್ಣ ಸಣ್ಣ ಗುಳ್ಳೆ, ಸ್ರಾವ, ತುರಿಕೆ, ಉರಿ ಇದರ ಲಕ್ಷಣ. ಇದೇ ಬಲಿತು ಕೈ, ಕಾಲು, ಪೃಷ್ಠಭಾಗಗಳಲ್ಲಿ ದೊಡ್ಡ ಬೊಕ್ಕೆಗಳಾದರೆ ಕಚ್ಛುವೆನಿಸುವುದೆಂದು ಸುಶ್ರುತನ ಮತ. ಕಜ್ಜಿಯನ್ನು ಅನುಭವಿಸಿದವನಿಗೆ ಈ ಸ್ಥಳನಿರ್ದೇಶದ ವಿಷಯದಲ್ಲಿ ಸಂಶಯ ಬಾರದು. ಆದರೆ ಈ ವರ್ಗೀಕರಣದಿಂದ ಶಾಸ್ತ್ರಕಾರರು ಎಣಿಸದಿದ್ದ ಒಂದು ಅನರ್ಥವೂ ಆಯಿತು. ಕುಷ್ಠವೆಂಬ ಒಂದೇ ಮಾತಿನ ಅಡಿಯಲ್ಲಿ ವಾರದಲ್ಲಿ ಗುಣವಾಗಬಹುದಾದ ಕಜ್ಜಿಯೂ, ಒಂದು ಕಾಲದಲ್ಲಿ ಮನುಷ್ಯನನ್ನು ಊರ ಹೊರಗೆ ಹಾಕಿಸುತ್ತಿದ್ದ ಮಹಾರೋಗವೂ ಕೂಡಿಕೊಂಡುದರಿಂದ ಸಣ್ಣದಕ್ಕೆ ದೊಡ್ಡದರ ಅಪಕೀರ್ತಿಯು ಅಂಟಿಕೊಂಡಿತು.

ಸುಶ್ರುತನ ನಿದಾನಸ್ಥಾನದ ಐದನೆಯ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಮಾತಿದೆ. ನಿಕಟಸಂಸರ್ಗ, ಅಂಗಸ್ಪರ್ಶ, ಉಸಿರು, ಸಹಭೋಜನ, ಒಂದೇ ಹಾಸಿಗೆ ಒಂದೇ ಆಸನ, ಒಬ್ಬರುಟ್ಟ ಬಟ್ಟೆ, ಮುಡಿದ ಮಾಲೆ, ಲೇಪಿಸಿಕೊಂಡ ಗಂಧ, ಇವುಗಳಿಂದ ಕುಷ್ಠ, ಜ್ವರ, ಕ್ಷಯ, ಕಣ್ಣುಬೇನೆಗಳು ಮನುಷ್ಯನಿಂದ ಮನುಷ್ಯನಿಗೆ ದಾಟುವುವೆಂದು ಆತನು ಸ್ಪಷ್ಟವಾಗಿ ಹೇಳಿರುವನು. ಎಲ್ಲ ಕುಷ್ಠಗಳಲ್ಲಿಯೂ ಕ್ರಿಮಿಗಳಿರುವುವೆಂಬುದೂ ಅದೇ ಅಧ್ಯಾಯದ ಮಾತು. ಇದನ್ನು ಹಿಡಿದು, ಇಂದಿನ ವೈದ್ಯರು ತೋರಿಸುವ ಹುಳುವನ್ನು ನಮ್ಮ ಪೂರ್ವಿಕರು ಆಗಲೇ ಕಂಡಿದ್ದರೆಂದು ಸಾರುವುದು ನನಗೆ ಸಮ್ಮತವಲ್ಲ. ಕಂಡಿದ್ದರೆ ಅದರ ರೂಪವನ್ನು ವರ್ಣಿಸದೆ ಬಿಡುವವರಾಗಿರಲಿಲ್ಲ. ಆದರೆ ಹಾಸಿಗೆಯನ್ನು ಕುರಿತ ಮಾತು ನಿಜವಾದ ಮಾತು. ಅದನ್ನು ಕಂಠಪಾಠ ಮಾಡಿದ ಮನೆತನಗಳಲ್ಲಿಯೇ ಅದು ಕೆಲಸಕ್ಕೆ ಬಾರದೆ ಹೋಯಿತೆಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ.

1970ರ ಮಳೆಗಾಲ. ನನಗಾಗ ಹತ್ತು ವರ್ಷ. ಕದ್ರಿಯ ಗುಡ್ಡದ ಬದಿಯ ನಮ್ಮ ಹಳೆಯ ಹಂಚಿನ ಮನೆಯಲ್ಲಿ ದೊಡ್ಡಪ್ಪನವರ ಮಕ್ಕಳೂ ನಾವೂ ಸೇರಿ ಹದಿಮೂರು ಮಂದಿ. ಮಂಗಳೂರಿನ ಆಷಾಢವನ್ನು ಕಂಡವರಿಗೆ ಹೇಳತಕ್ಕುದೇನು? ಅಟ್ಟದ ಮೇಲೆ ಹಗ್ಗ ಕಟ್ಟಿ ಹರಡಿದ ಬಟ್ಟೆಯು ಮೂರು ದಿನವಾದರೂ ಒಣಗದು. ಅಡಿಗೆಯ ಒಲೆಯ ಹೊಗೆಗೆ ಹಿಡಿದರೆ ಹೊಗೆಯ ವಾಸನೆ ಬರುವುದೇ ಹೊರತು ತೇವ ಆರದು. ಅಜ್ಜಿಯ ಮಡಿಬಟ್ಟೆಯು ದಿನವೂ ನೀರು ಕಾಣುತ್ತಿತ್ತು; ಆದರೆ ಮಕ್ಕಳಾದ ನಾವು ಆರು ಮಂದಿ ಹೊದೆಯುತ್ತಿದ್ದ ಎರಡು ಕಂಬಳಿಗಳು ವರ್ಷಕ್ಕೊಮ್ಮೆ, ದೀಪಾವಳಿಯ ಮೊದಲು ಮಾತ್ರ, ಬಿಸಿಲು ಕಾಣುತ್ತಿದ್ದುವು. ಮಡಿಯ ಲೆಕ್ಕವು ಅಡಿಗೆಮನೆ ದೇವರಮನೆಗಳಿಗೆ ಸಂಬಂಧಿಸಿದುದು. ಮಲಗುವ ಜಗಲಿಗೆ ಆ ಲೆಕ್ಕವಿರಲಿಲ್ಲ.

ಆ ವರ್ಷ ಮಳೆ ಹಿಡಿದ ಹೊಸತರಲ್ಲಿ ಪಾತ್ರೆ ತೊಳೆಯುವುದಕ್ಕೂ ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದರು. ಆಕೆಯು ಬಂದು ಹತ್ತು ಹನ್ನೆರಡು ದಿನಗಳಾಗಿರಬಹುದು, ದೊಡ್ಡಪ್ಪನವರ ಎರಡನೆಯ ಮಗನು ರಾತ್ರಿ ಕೆರೆದುಕೊಳ್ಳಲಾರಂಭಿಸಿದನು. ಮತ್ತೆ ನಾನು, ಬಳಿಕ ನನ್ನ ತಂಗಿ. ಕೆಲವು ವಾರಗಳಲ್ಲಿ ಆ ಹೆಂಗಸಿನ ಮಣಿಕಟ್ಟಿನಲ್ಲಿಯೂ ಗುಳ್ಳೆಗಳು ಕಂಡುವು. ಅಜ್ಜಿಗೆ ಅಷ್ಟೇ ಸಾಕಾಯಿತು. ರೋಗವನ್ನು ಮನೆಗೆ ತಂದವಳು ಇವಳೇ ಎಂದು ತೀರ್ಪಾಗಿ, ಅರ್ಧ ತಿಂಗಳ ಸಂಬಳವನ್ನು ಜಗಲಿಯ ತುದಿಯಲ್ಲಿಟ್ಟು ಆಕೆಯನ್ನು ಕಳುಹಿಸಿಬಿಟ್ಟರು. ಆಕೆಯು ಒಂದು ಮಾತೂ ಆಡದೆ, ನಾಣ್ಯಗಳನ್ನು ಎಣಿಸದೆ, ಕೊಡೆಯಿಲ್ಲದೆ ಮಳೆಯಲ್ಲಿ ಇಳಿದುಹೋದಳು. ಮಕ್ಕಳಾದ ನಮಗೂ ಅದು ನ್ಯಾಯವೆಂದೇ ಕಂಡಿತು.

ಆಕೆ ಹೋದರೂ ಕಜ್ಜಿ ಹೋಗಲಿಲ್ಲ. ಆಗ ನಾಗನ ವಿಚಾರ ಬಂತು. ತುಳುನಾಡಿನಲ್ಲಿ ಚರ್ಮದ ಬಾಧೆಗಳಿಗೂ ನಾಗದೋಷಕ್ಕೂ ಸಂಬಂಧವನ್ನು ಭಾವಿಸುವುದು ಬಹುಕಾಲದಿಂದ ನಡೆದುಬಂದಿದೆ. ಕುಕ್ಕೆ ಸುಬ್ರಹ್ಮಣ್ಯದ ಹುತ್ತದ ಮೃತ್ತಿಕೆಯನ್ನು ಪ್ರಸಾದವಾಗಿ ತಂದು ಮೈಗೆ ಹಚ್ಚುವುದು, ನಗರದ ಸಮೀಪದ ಕುಡುಪಿಗೆ ಹೋಗಿ ಹರಕೆ ಹೇಳಿಕೊಳ್ಳುವುದು, ಆಶ್ಲೇಷಾಬಲಿ ಮಾಡಿಸುವುದು, ಇವು ಇಲ್ಲಿಯ ಮನೆಗಳಿಗೆ ಹೊಸತಲ್ಲ. ನಮ್ಮ ಮನೆಯಿಂದಲೂ ಕುಡುಪಿಗೆ ಹೋದರು. ಶ್ರದ್ಧೆಯನ್ನು ಹಾಸ್ಯಮಾಡುವುದು ನನ್ನ ಉದ್ದೇಶವಲ್ಲ. ಮನೆಯ ಹದಿಮೂರು ಮಂದಿಯೂ ಒಟ್ಟಾಗಿ ಮಾಡಿದ ಕೆಲಸವೆಂದರೆ ಅದೊಂದೇ ಎಂಬುದನ್ನು ಮಾತ್ರ ಹೇಳಬೇಕು. ಔಷಧದ ವಿಷಯದಲ್ಲಿ ಆ ಒಗ್ಗಟ್ಟು ಇರಲಿಲ್ಲ. ಮಾತೋಶ್ರೀಯವರು ಗಂಧಕದ ಪುಡಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ನನಗೂ ತಂಗಿಗೂ ಹಚ್ಚುತ್ತಿದ್ದರು. ನಿಘಂಟುಗಳಲ್ಲಿ ಗಂಧಕಕ್ಕೆ ‘ಪಾಮಾರಿ’, ಅರ್ಥಾತ್ ಕಜ್ಜಿಯ ಶತ್ರು, ಎಂಬ ಹೆಸರಿರುವುದು ವ್ಯರ್ಥವಲ್ಲ. ಇಂದಿನ ವೈದ್ಯರೂ ಎಳೆಗೂಸುಗಳಿಗೆ ಗಂಧಕದ ಮುಲಾಮನ್ನು ಬರೆದುಕೊಡುವುದುಂಟು. ದೊಡ್ಡಮ್ಮನವರು ಹೊನ್ನೆಯೆಣ್ಣೆಯಲ್ಲಿ ವಿಶ್ವಾಸವಿಟ್ಟಿದ್ದರು. ತೀರ್ಥರೂಪರು ಔಷಧಾಲಯದಿಂದ ಹಾಲಿನಂತಹ ಒಂದು ದ್ರಾವಣವನ್ನು ತಂದರು. ಅದು ಕೆರೆದ ಗಾಯಕ್ಕೆ ತಗಲಿದರೆ ಪ್ರಾಣ ಹೋದಷ್ಟು ಉರಿ. ಯಾರಿಗೆ ತುರಿಕೆಯೋ ಅವರಿಗೆ ಮಾತ್ರ ಮದ್ದು, ತುರಿಕೆ ನಿಂತರೆ ಮದ್ದೂ ನಿಂತಿತು. ಅಷ್ಟರಲ್ಲಿ ಮತ್ತೊಬ್ಬನಿಗೆ ಆರಂಭ. ಸೋದರತ್ತೆಯ ಮದುವೆಯ ಮಾತುಕತೆ ನಡೆಯುತ್ತಿದ್ದುದರಿಂದ ಎಲ್ಲರೂ ಒಟ್ಟಾಗಿ ಆಸ್ಪತ್ರೆಗೆ ಹೋಗುವುದು ಸಾಧ್ಯವೇ ಇರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಅತ್ತೆಯು ಸೆರಗಿನೊಳಗೆ ಕೈಯಿಟ್ಟುಕೊಂಡು ಕುಳಿತುದನ್ನು ಅವರು ವಿನಯವೆಂದು ಹೊಗಳಿದರಂತೆ.

ಆಸ್ಪತ್ರೆಗಳ ಕೊರತೆಯಿಂದ ಹೀಗಾಯಿತೆಂದು ಹೇಳುವಂತಿಲ್ಲ. ಈ ಪಟ್ಟಣಕ್ಕೆ ಆಸ್ಪತ್ರೆ ಬಂದುದು 1848ರಲ್ಲಿ. ಮುಂದೆ ಅದಕ್ಕೆ ಮದ್ರಾಸಿನ ಗವರ್ನರನಾಗಿದ್ದ ವೆನ್ಲಾಕನ ಹೆಸರು ಬಂತು. ಕಂಕನಾಡಿಯದು ಇನ್ನೂ ವಿಶೇಷವಾದ ಚರಿತ್ರೆ. 1878ರ ಕಡೆಯಲ್ಲಿ ಇಲ್ಲಿಗೆ ಬಂದ ಯೇಸುಸಭೆಯ ಪಾದ್ರಿಗಳಲ್ಲಿ ಒಬ್ಬರಾದ, ಜರ್ಮನಿಯ ಅಗಸ್ಟಸ್ ಮುಲ್ಲರ್ ಎಂಬವರು 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿಯ ಔಷಧಾಲಯವನ್ನು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಸ್ಥಾನವೂ, 1902ರಲ್ಲಿ ಪ್ಲೇಗಿನ ಆಸ್ಪತ್ರೆಯೂ ಅವರಿಂದ ಆದುವು. ಊರವರು ದೂರ ನಿಂತ ರೋಗಿಗಳ ಬಳಿ ಕುಳಿತ ಆ ಪುರುಷನು 1910ರಲ್ಲಿ ತೀರಿಕೊಂಡರು. ಅವರು ಕೊಟ್ಟ ಬಿಳಿಯ ಗುಳಿಗೆಗಳ ಶಾಸ್ತ್ರಕ್ಕೂ ಕಜ್ಜಿಗೂ ಒಂದು ವಿಚಿತ್ರ ಸಂಬಂಧವಿರುವುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಹೋಮಿಯೋಪಥಿಯ ಪ್ರವರ್ತಕನಾದ ಹಾನೆಮನ್ನನು 1828ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೀರ್ಘಕಾಲದ ರೋಗಗಳಲ್ಲಿ ಬಹುಪಾಲಿಗೆ ‘ಸೋರ’ ಎಂಬ ಕಜ್ಜಿಯ ವಿಷವೇ ಮೂಲವೆಂದೂ, ಹೊರಗಿನ ಲೇಪದಿಂದ ಕಜ್ಜಿಯನ್ನು ಅಡಗಿಸಿದರೆ ಅದು ಒಳಸೇರಿ ನೂರು ರೋಗಗಳಾಗಿ ಹೊರಡುವುದೆಂದೂ ಪ್ರತಿಪಾದಿಸಿದನು. ನಮ್ಮ ಅಜ್ಜಿ ಹಾನೆಮನ್ನನ ಹೆಸರನ್ನು ಕೇಳಿದವರಲ್ಲ. ಆದರೂ ಅವರ ಮಾತೂ ಅದೇ ಆಗಿತ್ತು: ‘ಮದ್ದು ಹಚ್ಚಿ ಒಳಗೆ ಹಾಕಬೇಡಿ, ಹೊರಗೆ ಬರಲಿ.’ ಹೊರಗೆ ಬಂದುದು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಎಂಬುದೇ ಅದರಲ್ಲಿ ತಪ್ಪಿದ ಅಂಶ.

ಹಾನೆಮನ್ನನು ಹಾಗೆ ಬರೆಯುವುದಕ್ಕೆ 141 ವರ್ಷ ಮೊದಲೇ ನಿಜವಾದ ಕಾರಣವು ಕಣ್ಣಿಗೆ ಬಿದ್ದಿತ್ತು. ಇಟಲಿಯ ಲಿವೊರ್ನೊ ಎಂಬ ಬಂದರಿನಲ್ಲಿ ಬೊನೊಮೊ ಎಂಬ ವೈದ್ಯನೂ ಚೆಸ್ತೊನಿ ಎಂಬ ಔಷಧ ಮಾರುವವನೂ ಇದ್ದರು. ಬಡ ತಾಯಂದಿರು ತಮ್ಮ ಮಕ್ಕಳ ಕಜ್ಜಿಯೊಳಗಿಂದ ಸೂಜಿಯ ಮೊನೆಯಲ್ಲಿ ಏನನ್ನೋ ತೆಗೆಯುವುದನ್ನೂ, ಅಲ್ಲಿಯ ಗುಲಾಮರು ಒಬ್ಬರಿಗೊಬ್ಬರು ಹಾಗೆಯೇ ಮಾಡುವುದನ್ನೂ ಕೇಳಿ, ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಆಮೆಯಂತಹ ಬೆನ್ನಿನ ಒಂದು ಜೀವಿ. ನೋಡುತ್ತಿದ್ದಂತೆಯೇ ಅದು ಮೊಟ್ಟೆಯನ್ನೂ ಇಟ್ಟಿತು. 1687ರಲ್ಲಿ ಬೊನೊಮೊ ಇದನ್ನು ರೆದಿ ಎಂಬ ವಿದ್ವಾಂಸನಿಗೆ ಪತ್ರರೂಪವಾಗಿ ಬರೆದನು. ಮನುಷ್ಯನ ರೋಗವೊಂದಕ್ಕೆ ಕಣ್ಣಿಗೆ ಕಾಣುವ ಜೀವಿಯೇ ಕಾರಣವೆಂದು ಪ್ರಮಾಣಸಹಿತವಾಗಿ ತೋರಿಸಿದ ಮೊದಲ ಬರಹಗಳಲ್ಲಿ ಇದು ಒಂದು. ಆದರೆ ರೋಮಿನ ಮಠಾಧಿಪತಿಯ ವೈದ್ಯನು ಇದನ್ನು ಒಪ್ಪಲಿಲ್ಲ. ದೋಷಗಳ ಪ್ರಕೋಪದಿಂದಲೇ ಕಜ್ಜಿಯೆಂಬುದು ಅವನ ವಾದ. ಬೊನೊಮೊ ಸುಮ್ಮನಾದನು. 1703ರಲ್ಲಿ ಲಂಡನ್ನಿನಲ್ಲಿ ಪತ್ರದ ಅನುವಾದವು ಅಚ್ಚಾದರೂ ವೈದ್ಯಲೋಕವು ಅದನ್ನು ಮರೆಯಿತು.

ಮುಂದಿನ ಪ್ರಕರಣವು ನಗೆಗೇಡಿನದು. 1812ರಲ್ಲಿ ಪ್ಯಾರಿಸಿನ ಗಾಲೆ ಎಂಬವನು ಕಜ್ಜಿಯ ಹುಳುವನ್ನು ಕಂಡೆನೆಂದು ಚಿತ್ರಸಹಿತ ತೋರಿಸಿದನು. ಬಳಿಕ ವಿಚಾರಿಸಲಾಗಿ ಆ ಚಿತ್ರವು ಚೀಸ್ ಎಂಬ ಹಾಲಿನ ಗಡ್ಡೆಯಲ್ಲಿ ಹುಟ್ಟುವ ಹುಳುವಿನದೆಂದು ತಿಳಿಯಿತು. ಇದರಿಂದ ನಿಜವಾದ ಹುಳುವಿನ ಮೇಲೆಯೂ ನಂಬಿಕೆ ಹೋಯಿತು. ಕಡೆಗೆ 1834ರಲ್ಲಿ, ಬಾಸೆಲ್ ಮಿಶನಿನ ಪಾದ್ರಿಗಳು ಮಂಗಳೂರಿನಲ್ಲಿ ಇಳಿದ ವರ್ಷದಲ್ಲಿಯೇ, ಕಾರ್ಸಿಕಾ ದ್ವೀಪದ ರೆನುಚ್ಚಿ ಎಂಬ ವಿದ್ಯಾರ್ಥಿಯು ಪ್ಯಾರಿಸಿನ ಆಸ್ಪತ್ರೆಯಲ್ಲಿ ವೈದ್ಯರೆಲ್ಲರ ಎದುರಿನಲ್ಲಿ ಸೂಜಿಯಿಂದ ಹುಳುವನ್ನು ಎತ್ತಿ ತೋರಿಸಿದನು. ದೊಡ್ಡ ದೊಡ್ಡ ವೈದ್ಯರು ಗುಳ್ಳೆಯೊಳಗೆ ಹುಡುಕುತ್ತಿದ್ದರು. ಹುಳು ಇರುವುದು ಗುಳ್ಳೆಯಲ್ಲಿ ಅಲ್ಲ, ಚರ್ಮದ ಮೇಲ್ಪದರದಲ್ಲಿ ಅದು ಕೊರೆದ ಬಿಲದ ತುದಿಯಲ್ಲಿ. ತನ್ನ ಊರಿನ ಬಡ ಹೆಂಗಸರು ಮಾಡುತ್ತಿದ್ದುದನ್ನು ಕಂಡಿದ್ದ ವಿದ್ಯಾರ್ಥಿಗೆ ಅದು ತಿಳಿದಿತ್ತು. ಎರಡು ಸಲವೂ ಶಾಸ್ತ್ರಕ್ಕೆ ಪಾಠ ಬಂದುದು ತಾಯಂದಿರ ಸೂಜಿಯಿಂದ ಎಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ.

ಈ ಜೀವಿಯು ಜೇಡ, ಉಣ್ಣಿಗಳ ಬಳಗದ ಒಂದು ನುಸಿ. ತೆಂಗಿನ ನುಸಿಪೀಡೆಯಿಂದ ನೊಂದ ನಮ್ಮ ಜಿಲ್ಲೆಯವರಿಗೆ ನುಸಿಯೆಂದರೇನೆಂದು ವಿವರಿಸಬೇಕಾಗಿಲ್ಲ. ಹೆಣ್ಣುನುಸಿಯ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದಂಶದಷ್ಟು. ದಿನಕ್ಕೆ ಎರಡು ಮೂರು ಮೊಟ್ಟೆಗಳನ್ನಿಡುತ್ತ ನಾಲ್ಕಾರು ವಾರ ಬದುಕುವುದು.

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಸೈನಿಕರಲ್ಲಿ ಕಜ್ಜಿಯು ಹರಡಿದಾಗ ಕೆನೆತ್ ಮೆಲನ್ಬಿ ಎಂಬ ಶಾಸ್ತ್ರಜ್ಞನು ಶೆಫೀಲ್ಡ್ ನಗರದಲ್ಲಿ 1941ರಿಂದ ನಡೆಸಿದ ಪರೀಕ್ಷೆಗಳು ಈ ಚರಿತ್ರೆಯಲ್ಲಿ ಮುಖ್ಯವಾದುವು. ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದ ಶಾಂತಿವಾದಿ ತರುಣರು ತಮ್ಮ ಮೈಯನ್ನೇ ಪರೀಕ್ಷೆಗೆ ಒಪ್ಪಿಸಿದರು. ಕಜ್ಜಿಯವರ ಕಂಬಳಿಗಳಲ್ಲಿ ಮಲಗಿಸಿದರೆ, ಅವರುಟ್ಟ ಬಟ್ಟೆಯನ್ನು ಉಡಿಸಿದರೆ, ರೋಗವು ತಗಲಿದುದು ಬಹಳ ವಿರಳ. ಮೈಗೆ ಮೈ ತಾಗಿಸಿ ಒಂದೇ ಹಾಸಿಗೆಯಲ್ಲಿ ರಾತ್ರಿ ಕಳೆದಾಗಲೇ ತಗಲಿತು. ಸುಶ್ರುತನ ಪಟ್ಟಿಯಲ್ಲಿ ಶಯ್ಯೆಯೂ ವಸ್ತ್ರವೂ ಎರಡೂ ಇವೆ; ಇವನ ಲೆಕ್ಕದಲ್ಲಿ ವಸ್ತ್ರದ ಪಾಲು ಅಲ್ಪ. ರೋಗಿಯ ಮೈಮೇಲೆ ಬೆಳೆದ ಹೆಣ್ಣುನುಸಿಗಳು ಸಾಧಾರಣವಾಗಿ ಹನ್ನೊಂದು ಹನ್ನೆರಡಕ್ಕಿಂತ ಹೆಚ್ಚಿಲ್ಲವೆಂದೂ ಅವನು ಎಣಿಸಿದನು. ಇಷ್ಟು ಮಂದಿಯಿಂದ ಇಷ್ಟು ಹಿಂಸೆಯೇ ಎಂದು ಆಶ್ಚರ್ಯವಾಗುವುದು.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದುದು ಅವನ ಇನ್ನೊಂದು ನಿರ್ಣಯ. ಮೊದಲ ಬಾರಿಗೆ ನುಸಿ ಹತ್ತಿದವನಿಗೆ ಒಡನೆ ತುರಿಕೆ ಹುಟ್ಟದು. ನುಸಿಯ ಕೊರೆತದಿಂದಲ್ಲ, ಅದರ ಮಲಮೊಟ್ಟೆಗಳನ್ನು ಶರೀರವು ಸಹಿಸದಾಗುವುದರಿಂದ ತುರಿಕೆಯಾಗುವುದು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯ ತನಕ ಅವನು ಸುಖವಾಗಿ ನಿದ್ರಿಸುತ್ತ ಪಕ್ಕದವರಿಗೆ ಹಂಚುತ್ತಿರುವನು. ಒಮ್ಮೆ ಗುಣವಾಗಿ ಮತ್ತೆ ಹತ್ತಿದರೆ ಮಾತ್ರ ಒಂದೆರಡು ದಿನದಲ್ಲಿಯೇ ತುರಿಕೆ.

ಇದನ್ನು ಓದಿದ ರಾತ್ರಿ ನಾನು ಕಾಗದದ ಮೇಲೆ 1970ರ ಲೆಕ್ಕವನ್ನು ಹಾಕಿದೆನು. ಆ ಹೆಂಗಸು ಬಂದ ಹತ್ತು ಹನ್ನೆರಡು ದಿನಗಳಲ್ಲಿ ದೊಡ್ಡಪ್ಪನವರ ಮಗನು ಕೆರೆದುಕೊಂಡನು. ಅವನಿಗೆ ಹಿಂದೆ ಕಜ್ಜಿಯಾಗಿರಲಿಲ್ಲ. ಹಾಗಾದರೆ ನುಸಿಯು ಅವನಿಗೆ ಹತ್ತಿದುದು ಆಕೆ ನಮ್ಮ ಮೆಟ್ಟಿಲು ತುಳಿಯುವುದಕ್ಕೆ ಮೊದಲೇ. ಆ ವೈಶಾಖದಲ್ಲಿ ಬಂಧುಗಳ ಮದುವೆಮನೆಯೊಂದರಲ್ಲಿ ಅಂಗಳದ ಚಪ್ಪರದಡಿ ಇಪ್ಪತ್ತು ಮಕ್ಕಳು ನಾಲ್ಕು ರಾತ್ರಿ ಒಂದೇ ಸಾಲಿನಲ್ಲಿ ಮಲಗಿದ್ದೆವು. ಇನ್ನು ಆಕೆಯ ಮಣಿಕಟ್ಟಿನ ಗುಳ್ಳೆಗಳು ಕಂಡುದು ಬಂದು ಸುಮಾರು ಐದು ವಾರಗಳ ಮೇಲೆ. ನನ್ನ ತಂಗಿಯನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವಳು ಆಕೆ. ಲೆಕ್ಕವನ್ನು ಎಷ್ಟು ತಿರುಗಿಸಿ ನೋಡಿದರೂ ಆಕೆ ತಂದುಕೊಟ್ಟವಳಲ್ಲ, ತೆಗೆದುಕೊಂಡುಹೋದವಳು. ಆಕೆಯ ಮನೆಯಲ್ಲಿ ಎಷ್ಟು ಮಕ್ಕಳಿದ್ದರೋ!

ಈ ಓದಿಗೆ ನಿಮಿತ್ತವಾದುದು ಕಳೆದ ವರ್ಷದ ಮಳೆಗಾಲ. ವಸತಿಗೃಹದಲ್ಲಿದ್ದು ಓದುವ ಮೊಮ್ಮಗನು ರಜೆಗೆ ಬಂದಾಗ ಕೆರೆದುಕೊಳ್ಳುತ್ತ ಬಂದನು. ಔಷಧದಂಗಡಿಯಿಂದ ತಂದ, ತುರಿಕೆಯನ್ನು ಒಮ್ಮೆ ಅಡಗಿಸುವ ಯಾವುದೋ ಮುಲಾಮಿನಿಂದ ಎರಡು ವಾರ ಮೋಸಹೋದೆವು. ಅಂತಹ ಸ್ಟಿರಾಯ್ಡ್ ಮುಲಾಮುಗಳು ಕಜ್ಜಿಯ ರೂಪವನ್ನು ಮರೆಸುವುವೇ ಹೊರತು ನುಸಿಯನ್ನು ಕೊಲ್ಲವು. ಬಳಿಕ ಅವನೊಬ್ಬನಿಗೆ ಮದ್ದಾಯಿತು. ಅವನಿಗೆ ವಾಸಿಯಾಗುವ ಹೊತ್ತಿಗೆ ಅವನ ತಾಯಿಗೆ. ಕಡೆಗೆ ಚರ್ಮವೈದ್ಯರೊಬ್ಬರು ಮದ್ದು ಬರೆಯುವ ಮೊದಲು ಕೇಳಿದ ಪ್ರಶ್ನೆ ಒಂದೇ: ‘ಮನೆಯಲ್ಲಿ ಎಷ್ಟು ಜನ?’

ಶೇಕಡಾ 5ರ ಪರ್ಮೆತ್ರಿನ್ ಮುಲಾಮು. ತುರಿಕೆಯಿರಲಿ ಇಲ್ಲದಿರಲಿ ಎಲ್ಲರೂ ಒಂದೇ ರಾತ್ರಿ, ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಅಡಿಯನ್ನೂ ಬೆರಳ ಸಂದುಗಳನ್ನೂ ಬಿಡದೆ ಹಚ್ಚಿ, ಬೆಳಿಗ್ಗೆ ಸ್ನಾನ. ವಾರದ ಮೇಲೆ ಮತ್ತೊಮ್ಮೆ. ನುಸಿ ಸತ್ತ ಮೇಲೆಯೂ ಎರಡು ಮೂರು ವಾರ ತುರಿಕೆ ಉಳಿಯಬಹುದೆಂದೂ, ಗಾಬರಿಯಿಂದ ಮದ್ದನ್ನು ಮತ್ತೆ ಮತ್ತೆ ಹಚ್ಚಬಾರದೆಂದೂ ಅವರು ಎಚ್ಚರಿಸಿದರು. ಎಲ್ಲರೂ ಒಂದೇ ದಿನ ಎಂಬ ಈ ನಿಯಮವನ್ನು ಇಡೀ ಊರಿಗೆ ಅನ್ವಯಿಸಿ ನೋಡಿದವರೂ ಉಂಟು. ಫಿಜಿ ದ್ವೀಪಗಳಲ್ಲಿ ಐವರ್ಮೆಕ್ಟಿನ್ ಗುಳಿಗೆಯನ್ನು ಕೆಲವು ಊರುಗಳ ಎಲ್ಲ ಜನರಿಗೂ ಕೊಟ್ಟಾಗ, ನೂರಕ್ಕೆ 32 ಮಂದಿಗಿದ್ದ ಕಜ್ಜಿಯು ವರ್ಷದೊಳಗೆ 2ಕ್ಕೆ ಇಳಿಯಿತೆಂದು 2015ರಲ್ಲಿ ಪ್ರಕಟವಾಯಿತು. ಆ ಔಷಧದ ಮೂಲವು ಜಪಾನಿನ ಮಣ್ಣಿನಲ್ಲಿ ಸಿಕ್ಕಿದ ಒಂದು ಸೂಕ್ಷ್ಮಜೀವಿ. ಕಂಡುಹಿಡಿದವರಿಗೆ ಅದೇ ವರ್ಷ ನೊಬೆಲ್ ಪಾರಿತೋಷಕವೂ ಬಂತು. ಇದನ್ನು ಕೇಳಿದ ನನ್ನ ಮಿತ್ರರೊಬ್ಬರು ಹುತ್ತದ ಮಣ್ಣಿನ ಮಹಿಮೆಯು ಸಿದ್ಧವಾಯಿತೆಂದರು. ಜಪಾನಿನ ಮಣ್ಣಿನಿಂದ ಸುಬ್ರಹ್ಮಣ್ಯದ ಮಣ್ಣಿಗೆ ಹಾರುವ ಈ ಅನುಮಾನದಲ್ಲಿ ಹೇತುವೆಲ್ಲಿ ಎಂದು ಕೇಳಿದೆನು. ಅವರು ತರ್ಕಶಾಸ್ತ್ರವನ್ನೇ ಬೈದರು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಕಜ್ಜಿಯನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಲೋಕದಲ್ಲಿ ಯಾವ ಹೊತ್ತಿಗೂ 20 ಕೋಟಿ ಜನ ಇದರಿಂದ ನರಳುತ್ತಿರುವರೆಂದು ಅದರ ಅಂದಾಜು. ರೈಕ್ವನಿಗೆ ಸಂಗಡಿಗರ ಕೊರತೆಯಿಲ್ಲ.

ನಮ್ಮ ಮನೆಯಲ್ಲಿ ಈಗ ಏಳು ಮಂದಿ. ಪಟ್ಟಿ ಬರೆಯುವಾಗ ಸೊಸೆಯು, ‘ಮಾವ, ಕೆಲಸಕ್ಕೆ ಬರುವ ಅಕ್ಕನನ್ನೂ ಅವರ ಇಬ್ಬರು ಮಕ್ಕಳನ್ನೂ ಬರೆಯಿರಿ. ನಮ್ಮಿಂದ ಅವರಿಗೂ ಹೋಗಿರಬಹುದು’ ಎಂದಳು. ನಾನು ಹತ್ತು ಎಂದು ತಿದ್ದಿದೆನು. ಸಂಜೆ ಮಳೆ ಬಿಡಲಿಲ್ಲ. ಮೂರು ಮಂದಿಯ ಮುಲಾಮನ್ನು ಪಂಚೆಯ ಅಂಚಿನಲ್ಲಿ ಸುತ್ತಿಕೊಂಡು, ಕೊಡೆ ಹಿಡಿದು, ನಾನೇ ಆಕೆಯ ಮನೆಗೆ ಹೋಗಿ, ಆ ರಾತ್ರಿಯೇ ಹಚ್ಚಬೇಕೆಂದೂ ಎಂಟನೆಯ ದಿನ ಮತ್ತೊಮ್ಮೆಯೆಂದೂ ವಿವರಿಸಿದೆನು. ತಮಗೆ ತುರಿಕೆಯೇ ಇಲ್ಲವಲ್ಲ ಎಂದು ಆಕೆ ಕೇಳಿದಳು. ಬರಲು ಒಂದು ತಿಂಗಳು ಬೇಕು ಎಂದೆನು. ಒಳಗೆ ಬಂದು ಕುಳಿತುಕೊಳ್ಳಿ ಮಾಷ್ಟ್ರೇ ಎಂದು ಆಕೆ ಕುರ್ಚಿಯನ್ನು ಒರೆಸಿದಳು.